ಪಾಡವಾದ ಕೆಂಪು ಕೋಡು

ದೀಪಾವಳಿಯ ಪಾಡವಾ, ಅಂದರೆ ಬಲಿಪಾಡ್ಯಮಿಯ ಸಂಜೆ, ಅಲಖನೂರಿನ ಹಾಲಿನ ಕಟ್ಟೆಯ ಮೇಲೆ ತುಳಸವ್ವ ಕ್ಯಾನಿನ ಮುಚ್ಚಳವನ್ನೇ ತೆಗೆಯದೆ ಕುಳಿತಿದ್ದಳು. ಊರ ಹೆಂಗಸರ ಹಾಲಿನ ಸಂಘ ನಡೆಸುವವಳು ಅವಳೇ. ಕೆಚ್ಚಲು ಬಾವು ಬಂದು ಸೂಜಿ ಮಾಡಿಸಿದ ಎಮ್ಮೆಯ ಹಾಲು ಬೆರೆತಿದೆಯೆಂದು ಡೇರಿಯವರು ಒಮ್ಮೆ ಕ್ಯಾನುಗಳನ್ನೆಲ್ಲ ತಿರುಗಿ ಕಳಿಸಿದ್ದರು. ಇನ್ನೊಮ್ಮೆ ಹೀಗಾದರೆ ಊರಿಗೆ ಗಾಡಿಯೇ ಬರುವುದಿಲ್ಲ ಎಂದಿದ್ದರು. ಅಂದಿನಿಂದ ತುಳಸವ್ವನದೊಂದು ಕಟ್ಟಳೆ: ಔಷಧ ನಡೆದಿರುವ ಎಮ್ಮೆಯ ಕೋಡಿಗೆ ಕೆಂಪು ಬಣ್ಣ. ಡಾಕ್ಟರು ಹೇಳಿದ ದಿನ ಮುಗಿಯುವ ತನಕ ಅದರ ಹಾಲು ಕಟ್ಟೆ ಹತ್ತುವಂತಿಲ್ಲ.

ಪಾಡವಾ ಬರುತ್ತದೆಂಬುದು ಮಾತ್ರ ಅವಳ ತಲೆಗೆ ಹೊಳೆದಿರಲಿಲ್ಲ. ಹಬ್ಬವೆಂದು ಬೆಳಗಿನ ಗಾಡಿ ಬಂದಿರಲಿಲ್ಲ; ಊರಿನ ಎಮ್ಮೆಗಳೆಲ್ಲ ಮಿಂದು, ಕೋಡಿಗೆ ಕೆಂಪು ಬಳಿಸಿಕೊಂಡು, ನವಿಲುಗರಿ ಕಟ್ಟಿಸಿಕೊಂಡು ಹಬ್ಬದ ಓಟದಲ್ಲಿ ಮೋಟಾರ್ ಸೈಕಲ್ಲಿನ ಹಿಂದೆ ಓಡಿದ್ದವು. ಔಷಧದ ಎಮ್ಮೆ ಯಾವುದೆಂದು ಕೋಡು ನೋಡಿ ತಿಳಿಯುವಂತಿರಲಿಲ್ಲ. ನಿನ್ನೆ ಸಂಜೆ ದನದ ಡಾಕ್ಟರು ಊರೊಳಗೆ ಬಂದು ಹೋದದ್ದನ್ನು ಅವಳು ಕಂಡಿದ್ದಳು. ಯಾರ ಮನೆಗೆಂದು ಕೇಳಿದರೆ ಎಲ್ಲರೂ ಪಕ್ಕದ ಮನೆಯ ಕಡೆ ಬೆರಳು ಮಾಡಿದರು. ಡಾಕ್ಟರಿಗೆ ಫೋನು ಹಚ್ಚಿದರೆ ಹತ್ತಲಿಲ್ಲ.

"ಹಬ್ಬದ ದಿನಾ ಊರ ಹಾಲೆಲ್ಲಾ ಕೆಡಸ್ತಿ ಏನ್ ಬೇ?" ಎಂದ ರಾವಸಾಹೇಬ. ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಹಿಡುವಳಿದಾರ.

"ಕೆಡಸೂದಿಲ್ರಿ, ಹೆಪ್ಪ ಹಾಕಸ್ತೀನಿ. ಎಲ್ಲಾರೂ ತಮ್ಮ ತಮ್ಮ ಹಾಲ ಕಾಸಿ ಬ್ಯಾರೆ ಬ್ಯಾರೆ ಇಡ್ರಿ. ಸೂಜಿ ಹಾಲ ಮಸರಾಗೂದಿಲ್ಲ."

"ನಾಳೆ ಊರ ಮಂದಿಯೆಲ್ಲಾ ಮಜ್ಜಿಗಿ ಕುಡದು ನೆಗಡಿ ಬಂದರ?"

"ನೀವು ಬೇಕಾದಷ್ಟ ಸೂಜಿ ಮಾಡಿಸ್ಕೋರಿ. ನೀವೇನ ಹಾಲ ಕೊಡೂದಿಲ್ಲಲ್ಲ!"

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗಾಡಿ ಬರಿದೇ ಹೋಯಿತು. ತುಳಸವ್ವ ಮನೆಮನೆಗೂ ಹೋಗಿ ತನ್ನ ಕೈಯಾರೆ ಹೆಪ್ಪು ಹಾಕಿ ಬಂದಳು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಹೆಪ್ಪು ಹಾಕಿದ ಗಡಿಗೆಗಳು ಸಾಲಾಗಿ ಬಂದು ಕೂತವು; ಹೆಂಗಸರ ಕೈಯಲ್ಲಿ ಬೆಳಗಿನ ಹಾಲೂ ಇತ್ತು. ಒಂದೊಂದನ್ನೂ ಓರೆ ಮಾಡಿ ನೋಡಿದಳು, ಮೊಸರು ಅಲುಗಲಿಲ್ಲ. ಕೊನೆಗೆ ರಾವಸಾಹೇಬನ ಹೆಂಡತಿ ಕಸ್ತೂರೆವ್ವ ಸೆರಗಿನ ಮರೆಯಿಂದ ತನ್ನ ಗಡಿಗೆ ತೆಗೆದಿಟ್ಟಳು. ಹಾಲು ಹಾಲಾಗಿಯೇ ತುಳುಕಿತು.

"ಮೊನ್ನೆ ಸಂಜಿಕ ಸೂಜಿ ಆತವ್ವ. ಹಬ್ಬದಾಗ ಹೇಳೂದ ಬ್ಯಾಡ ಅಂದ್ರು ಇವರು," ಎಂದಳು.

ಹಿಂದೆಯೇ ರಾವಸಾಹೇಬ ಆಗಷ್ಟೇ ಕರೆದ ಹಾಲಿನ ಬಕೆಟ್ಟು ಹಿಡಿದು ಬಂದಿದ್ದ. "ಆದದ್ದಾತು. ಇಷ್ಟ ಹಾಲಿನಾಗ ಇದೊಂದ ಕೂಡಿದರ ಯಾರಿಗಿ ತಿಳೀತೈತಿ? ಹಾಲಂದ್ರ ಲಕ್ಷ್ಮಿ, ಮಣ್ಣಿಗಿ ಚೆಲ್ಲಬಾರದು."

ತುಳಸವ್ವ ಕ್ಯಾನಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು. "ಲಕ್ಷ್ಮಿ ಹೌದ್ರಿ. ಈ ಕ್ಯಾನಿನಾಗ ಊರ ಎಲ್ಲಾ ಮನಿ ಲಕ್ಷ್ಮಿ ಅದಾಳ. ನನ್ನ ಕೈ ಮ್ಯಾಲ ಸುರಿತೀರೇನು, ಸುರೀರಿ."

ಅವನು ಸುರಿಯಲಿಲ್ಲ, ಬಕೆಟ್ಟನ್ನು ಕೆಳಗೂ ಇಡಲಿಲ್ಲ. ಕಸ್ತೂರೆವ್ವ ಅದನ್ನು ಅವನ ಕೈಯಿಂದ ಕಸಿದುಕೊಂಡು ತಿಪ್ಪೆಗೆ ನಡೆದಳು, ಕಣ್ಣು ಮುಚ್ಚಿಕೊಂಡು ಸುರಿದಳು.

"ಎಮ್ಮಿ ಆರಾಮ ಆಗೂತನಕಾ ಮಮ್ಮಕ್ಕಳಿಗೆ ನಮ್ಮನಿ ಹಾಲ ಒಯ್ರಿ, ವೈನಿ," ಎಂದಳು ತುಳಸವ್ವ ಕಸ್ತೂರೆವ್ವನಿಗೆ.

ರಸ್ತೆಯಲ್ಲಿ ಗಾಡಿಯ ಹಾರ್ನು ಕೇಳಿಸಿತು. ಅವಳು ಕ್ಯಾನಿನ ಬಾಯಿಂದ ಕೈ ತೆಗೆದು, ಸಾಲಿನಲ್ಲಿ ಮುಂದೆ ನಿಂತವಳನ್ನು ಕರೆದಳು.

"ಬಾ ಸರಿತಾ, ನಿಂದ ಸುರಿ."