ಲವಂಗ ಹಾಕಿದ ಭಜ್ಜಿ

ಭಜ್ಜಿಗೆ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು ಹಾಕಬೇಕು ಎಂದು ಕೇಳುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಹೊಲದಲ್ಲಿ ಏನಿದೆಯೋ ಅದನ್ನು ಹಾಕಿ, ಇಲ್ಲದ್ದನ್ನು ಪಕ್ಕದ ಹೊಲದವರಿಂದ ಇಸಿದುಕೊಳ್ಳಿ, ಮುಗಿಯಿತು. ಎಣ್ಣೆಯಲ್ಲಿ ಕರಿಯುವ ಬಜ್ಜಿಯ ಮಾತಲ್ಲ ಇದು. ನಮ್ಮ ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ. ಹಸಿ ತೊಗರಿ, ಅವರೆ, ಕಡಲೆ ಬೇಯಿಸಿ, ಮೆಂತ್ಯ, ಸಬ್ಬಸಗಿ, ಬೆಳ್ಳುಳ್ಳಿಯ ಎಳೆ ಎಲೆ, ಬದನೆ, ಗಜ್ಜರಿ ಹೆಚ್ಚಿ ಹಾಕಬೇಕು. ಆಮೇಲೆ ಹುಣಸೆಹುಳಿಯಲ್ಲಿ ಕಡಲೆಹಿಟ್ಟು ಕದಡಿ ಬಿಟ್ಟು ಕೈಬಿಡದೆ ತಿರುವಬೇಕು. ನಡುವೆ ಯಾರೋ ಕರೆದರೆಂದು ಎದ್ದು ಹೋದಿರೋ, ಹಿಟ್ಟು ಗಂಟಾಗುತ್ತದೆ, ಅದನ್ನು ದೇವರೂ ಬಿಡಿಸಲಾರ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ. ಇಷ್ಟಾದರೆ ಹಬ್ಬ.

ಇದೆಲ್ಲ ನನಗೇನು ಹುಟ್ಟುತ್ತಲೇ ಗೊತ್ತಿತ್ತೇ? ನಾನು ಕಲಬುರಗಿ ಪಟ್ಟಣದ ಶಹಾಬಜಾರದ ಗಲ್ಲಿಯಲ್ಲಿ ಬೆಳೆದವಳು, ಹೊಲವನ್ನು ಬಸ್ಸಿನ ಕಿಟಕಿಯಿಂದ ಕಂಡಿದ್ದೆನಷ್ಟೇ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ, ದೀಪಾವಳಿ ಕಳೆದ ಮೇಲೆ ಮದುವೆಯಾಗಿ ಕಮಲಾಪುರಕ್ಕೆ ಬಂದೆ. ನನ್ನ ಅತ್ತೆ ಪುತಳಾಬಾಯಿ. ಊಟದ ವಿಷಯದಲ್ಲಿ ಅವರಿಗೆ ಯಾರ ಮುಲಾಜೂ ಇರಲಿಲ್ಲ. ನನ್ನ ಮದುವೆಯ ಪಂಕ್ತಿಯಲ್ಲಿ ಕೂತೇ, ಹುಗ್ಗಿಗೆ ಬೆಲ್ಲ ಕಡಿಮೆ ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿ ಹೇಳಿದ್ದರು. ನನ್ನ ಅಪ್ಪನ ಮುಖ ಸಣ್ಣದಾಗಿತ್ತು. ಆದರೆ ಬೆಲ್ಲ ನಿಜವಾಗಿಯೂ ಕಡಿಮೆಯಾಗಿತ್ತು.

ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ಇಮಾಮಬಿಯ ಮನೆ. ಹೊಲವೂ ಹಾಗೆಯೇ, ನಡುವೆ ಒಂದು ಬದು ಮಾತ್ರ. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ದಿನಗಳಲ್ಲಿ ನಮ್ಮ ಮನೆಯ ಹೆಂಗಸರು ಅಡಗಿದ್ದು ಆಕೆಯ ಮನೆಯಲ್ಲಿ. ನಿಜಾಮ ಸೋತ ಮೇಲೆ ಗಾಳಿ ತಿರುಗಿತು, ಹೆದರುವ ಸರದಿ ಊರಿನ ಮುಸ್ಲಿಮರದಾಯಿತು. ಇಮಾಮಬಿ ಮತ್ತು ಆಕೆಯ ಗಂಡ ಚಾಂದಪಾಶಾ ಮನೆಗೆ ಬೀಗ ಹಾಕಿ, ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಮೊಹಲ್ಲಾದಲ್ಲಿ ನೆಂಟರ ಮನೆ ಸೇರಿದರು. ಬಿತ್ತನೆಯ ಹೊತ್ತಿಗೆ ನನ್ನ ಮಾವ ಮಾಣಿಕಪ್ಪ ಎರಡೂ ಹೊಲ ಬಿತ್ತಿದರು. ಬಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅಂದು ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಪೈರಿನ ಮೇಲೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹೊಲದವರೇ ಚೆಲ್ಲಬೇಕು.

“ಇಮಾಮಿ ಬಂದು ಆಕಿ ಹೊಲದಾಗ ಆಕೀನೇ ಚರಗ ಚೆಲ್ಲಬೇಕು. ಹಂಗೇ ಊರಾಗೇ ಉಳೀಬೇಕು,” ಅಂದರು ಅತ್ತೆ. “ಆಕಿ ಇಲ್ಲದ ಈ ಗ್ವಾಡಿ ನೋಡಿ ನೋಡಿ ನನಗ ಸಾಕಾಗ್ಯಾದ.”

“ಹಂಗಾದ್ರ ನೀನೇ ಹೋಗಿ ಕರಕೊಂಡು ಬಾ,” ಅಂದರು ಮಾವ.

ಅತ್ತೆ ಮುಖ ತಿರುಗಿಸಿದರು. ಕಾರಣ ಆಗ ತಿಳಿಯಿತು. ಹಿಂದಿನ ವರ್ಷದ ಎಳ್ಳಮಾವಾಸ್ಯೆಗೆ ಇಮಾಮಬಿ ಭಜ್ಜಿಗೆ ಲವಂಗ, ದಾಲ್ಚಿನ್ನಿ ಕುಟ್ಟಿ ಹಾಕಿದ್ದಳಂತೆ. ಅತ್ತೆ ಒಂದು ತುತ್ತು ತಿಂದು, ಸುತ್ತ ಹೊಲದವರೆಲ್ಲ ಕೂತಿದ್ದಾಗಲೇ, ಇದು ಭಜ್ಜಿ ಅಲ್ಲ, ಬಿರ್ಯಾನಿಯ ತಂಗಿ ಎಂದಿದ್ದರಂತೆ. ಮುಂದೆ ಎಷ್ಟೋ ದಿನ ಇಬ್ಬರಿಗೂ ಮಾತಿಲ್ಲ. ಮಾತು ಮತ್ತೆ ಶುರುವಾಗಿದ್ದು ರಜಾಕಾರರ ಭಯಕ್ಕೆ. ಆದರೆ ಭಜ್ಜಿಯ ಜಗಳ ಹಾಗೇ ಉಳಿದಿತ್ತು.

ಕೊನೆಗೆ ಮಾವ ಮತ್ತು ನಾನು ಹೊರಟೆವು. ನಮ್ಮೂರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ದರ್ಗಾದ ಹಿಂದಿನ ಓಣಿಯ ಒಂದು ಸಣ್ಣ ಕೋಣೆಯಲ್ಲಿ ಇಮಾಮಬಿ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಅತ್ತೆಯ ಬಾಯಲ್ಲಿ ಕೇಳಿದ್ದ ಜಗಳಗಂಟಿ ಇವಳೇನಾ ಅನಿಸುವಷ್ಟು ಮೆತ್ತಗಿದ್ದಳು.

“ಊರು ಈಗ ತಣ್ಣಗದ ತಂಗಿ,” ಅಂದರು ಮಾವ. “ಯಾರೂ ಏನೂ ಅನ್ನಂಗಿಲ್ಲ. ನಾನಿದ್ದೀನಿ.”

“ಹೌದು ಅಣ್ಣಾ. ಸಂತಿಗೆ ಬಂದ ಊರವರು ಎಲ್ಲಾರೂ ನನ್ನ ಕೂಡ ಭಾಳ ಛಲೋ ಮಾತಾಡ್ತಾರ,” ಅಂದಳು ಇಮಾಮಬಿ ಅಕ್ಕಿಯಿಂದ ಕಣ್ಣೆತ್ತದೆ. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಆಕಿ ಸೊಸಿ ಏನು? ಕ್ಯಾ ಬೋಲ್ತಿ ತುಮಾರಿ ಸಾಸ್, ಏನಂತಾಳ ನಿಮ್ಮತ್ತಿ? ಯಾಕ ಬಂದಿಲ್ಲ ಆಕಿ?”

“ನಾಚಿಕೊಂಡಾರ ಖಾಲಾ,” ಅಂದೆ, ಚಿಕ್ಕಮ್ಮನನ್ನು ಕರೆಯುವಂತೆ.

ಆಕೆ ಅಕ್ಕಿಯ ಮೊರ ಬದಿಗಿಟ್ಟಳು. “ಹಬ್ಬಕ್ಕ ಬರ್ತೀವಿ. ನನ್ನ ಭಜ್ಜಿ ನಾನೇ ಮಾಡಿ ತರ್ತೀನಿ, ಲವಂಗ ಹಾಕೇ ತರ್ತೀನಿ. ಪುತಳಾ ತಿಂದು ಏನಂತಾಳ ಕೇಳ್ತೀನಿ. ಊರಾಗ ಉಳಿಯೋದೋ ತಿರುಗಿ ಬರೋದೋ, ಅದರ ಮ್ಯಾಲ.”

ಬಸ್ಸಿನಲ್ಲಿ ಮಾವನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಚಿಂತೆ. ಒಂದು ಸಂಸಾರ ಊರಿಗೆ ಮರಳುವುದು ನನ್ನ ಅತ್ತೆಯ ನಾಲಿಗೆಯ ಮೇಲೆ ನಿಂತಿದೆ! ಆ ನಾಲಿಗೆ ಎಂಥದ್ದೆಂದು ನನ್ನ ಅಪ್ಪನನ್ನು ಕೇಳಿದರೆ ಹೇಳುತ್ತಿದ್ದ.

ಮನೆಗೆ ಬಂದವಳೇ ಅತ್ತೆಗೆ ಪಾಠ ಶುರು ಮಾಡಿದೆ. ಅವರು ಸಜ್ಜೆ ರೊಟ್ಟಿ ಬಡಿಯುತ್ತಿದ್ದರೆ ನಾನು ಎಳ್ಳು ಹಚ್ಚುತ್ತ ಹೇಳಿಕೊಡುತ್ತಿದ್ದೆ.

“ಅತ್ತಿ, ಒಂದೇ ಮಾತು. ಛಲೋ ಆಗ್ಯಾದ ಅನ್ರಿ. ಸಾಕು.”

“ಲವಂಗ ಹಾಕಿದ್ರೂ?”

“ಲವಂಗ ಹಾಕಿದ್ರೂ.”

“ದಾಲ್ಚಿನ್ನಿ ಹಾಕಿದ್ರೂ?”

“ದಾಲ್ಚಿನ್ನಿ ಹಾಕಿದ್ರೂ ರೀ!”

“ಛಲೋ ಆಗ್ಯಾದ,” ಎಂದು ಕಹಿ ಕಷಾಯ ಕುಡಿದವರ ಮುಖ ಮಾಡಿಕೊಂಡು ಅಂದರು. ರೊಟ್ಟಿಗೊಂದು ಸಲ ಅನ್ನಿಸಿದೆ. ಹಬ್ಬದ ಬೆಳಿಗ್ಗೆ ಭಜ್ಜಿ ತಿರುವುವಾಗಲೂ ಅನ್ನಿಸಿದೆ. “ಇಮಾಮಿ ಸಲುವಾಗಿ ಅಂತೀನಿ ತಗೋ, ಆಣೆ ಮಾಡ್ತೀನಿ,” ಎಂದು ನನ್ನ ತಲೆ ಮುಟ್ಟಿ ಹೇಳಿದರು.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿದ್ದೆವು. ಸುತ್ತಲಿನವರೂ ಬುತ್ತಿ ಬಿಚ್ಚಿ ಕೂತಿದ್ದರು. ಇಮಾಮಬಿಯ ಬಂಡಿ ಬಂತು. ಚಾಂದಪಾಶಾ ಇಳಿದವನೇ ಬದುವಿನ ಮೇಲೆ ನಿಂತು, ತನ್ನ ಹೊಲದ ಎದೆಮಟ್ಟದ ಜೋಳ ನೋಡಿದ. ನೋಡುತ್ತಲೇ ನಿಂತ. ಆಮೇಲೆ ಮಾವನ ಕೈ ಹಿಡಿದುಕೊಂಡ. ನನಗೆ ಅಳು ಬಂತು.

ಎಲ್ಲರೂ ಇಮಾಮಬಿಯನ್ನು ಕಂಡು ಎದ್ದು ನಿಂತರು. ಒಬ್ಬರು ನೆರಳು ಬಿಟ್ಟುಕೊಟ್ಟರು, ಒಬ್ಬರು ನೀರು ಕೊಟ್ಟರು. ಆಕೆಯ ಭಜ್ಜಿ ಬಡಿಸಿಕೊಂಡವರೆಲ್ಲ ವಾಹ್ ವಾಹ್ ಅಂದರು. ಕೆಲವರು ಬಾಯಿಗೆ ಇಡುವ ಮೊದಲೇ ಅಂದರು. ಇಮಾಮಬಿ ಎಲ್ಲರಿಗೂ ತಲೆಯಾಡಿಸಿ, ಪಾತ್ರೆ ಹಿಡಿದು ಅತ್ತೆಯ ಮುಂದೆ ಕೂತಳು. ಲವಂಗದ ವಾಸನೆ ಆಕೆಗಿಂತ ಮೊದಲೇ ಬಂದು ಕೂತಿತ್ತು.

ಅತ್ತೆ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟರು. ಅಗಿದರು. ನಾನು ಹಿಂದಿನಿಂದ ಅವರ ಸೆರಗು ಜಗ್ಗಿದೆ.

“ಛ...” ಅಂದರು. ಅಷ್ಟಕ್ಕೇ ತಡೆದರು. ನುಂಗಿದರು. ಮುಖ ಕೆಂಪಾಯಿತು. “ಛೀ, ನನಗ ಆಗಂಗಿಲ್ಲ! ಇಮಾಮಿ, ಹ್ವಾದ ವರ್ಷಕ್ಕಿಂತ ಲವಂಗ ಜಾಸ್ತಿ ಆಗ್ಯಾವ. ತೊಗರಿ ಎಲ್ಲದ, ಮೆಂತಿ ಎಲ್ಲದ, ಏನೂ ತಿಳೀವಲ್ದು. ಭಜ್ಜಿ ಕೆಡಿಸೋದು ನಿನ್ನಿಂದ ಕಲೀಬೇಕು ನೋಡು!”

ಭೂಮಿ ಬಾಯಿಬಿಟ್ಟಿದ್ದರೆ ನಾನು ಒಳಗಿಳಿಯುತ್ತಿದ್ದೆ. ಮಾವ ಕಣ್ಣು ಮುಚ್ಚಿಕೊಂಡರು.

“ಮತ್ತ ಯಾಕ ತಿನ್ನಾಕತ್ತಿ?” ಅಂದಳು ಇಮಾಮಬಿ.

“ಹಸಿವಿ ಆಗ್ಯಾದ. ಇನ್ನಷ್ಟು ಹಾಕು.”

ಇಮಾಮಬಿ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಷ್ಟು ದಿನ ಆತು ಪುತಳಾ, ಕಂಡವರೆಲ್ಲ ನನಗ ಛಲೋ ಛಲೋ ಅಂತಾರ. ಸತ್ತವರ ಮನ್ಯಾಗ ಮಾತಾಡಿದಂಗ ಮೆಲ್ಲಕ ಮಾತಾಡ್ತಾರ. ನೀನೂ ಛಲೋ ಆಗ್ಯಾದ ಅಂದಿದ್ರ, ಅಲ್ಲಾನ ಆಣೆ, ಇವತ್ತೇ ಬಂಡಿ ತಿರುಗಿಸ್ತಿದ್ದೆ. ನನಗ ಈ ಊರಾಗ ಜಗಳ ಆಡೋರೇ ಉಳಿದಿಲ್ಲ ಅಂದ್ರ ನಾ ಬಂದು ಏನ್ ಮಾಡ್ಲಿ?”

ಅತ್ತೆ ತಟ್ಟೆಯನ್ನು ಮುಂದೆ ಚಾಚಿದರು. ಇಮಾಮಬಿ ತುಂಬ ಬಡಿಸಿ ಮೇಲೆದ್ದಳು.

“ಸುನೋಜೀ,” ಎಂದು ಬದುವಿನ ಮೇಲಿದ್ದ ಗಂಡನನ್ನು ಕೂಗಿದಳು. “ಎತ್ತು ಬಿಚ್ಚಿ ಕಟ್ರಿ. ಬರ್ರಿ, ಚರಗ ಚೆಲ್ಲೋಣು. ಆಮ್ಯಾಲ ನಾ ಲಗೂನ ಮನೀಗೆ ಹೋಗಬೇಕು, ಕಸಾ ಹೊಡಿಯೋದದ.”

“ನಾನೂ ಬರ್ತೀನಿ ತಡಿ,” ಅಂದರು ಅತ್ತೆ ಬಾಯಿ ತುಂಬ ಭಜ್ಜಿ ಇಟ್ಟುಕೊಂಡೇ. “ನಿನಗ ಕಸಾ ಹೊಡಿಯಾಕೂ ಬರಂಗಿಲ್ಲ.”