ಸ್ಟೋರಿನ ಮುಂದಿನ ಕೆಂಪು

ಕಣ್ಣಿನ ಪಕ್ಕದಲ್ಲೇ ಬಿತ್ತು, ಕೆಂಪು ಹನಿ, ಪೈಪಿನಲ್ಲಿ ಇನ್ನೂ ಉಳಿದಿದೆ ಹಾಳಾದ್ದು, ಬಸಿಯಲಿ, ಪೂರ್ತಿ ಬಸಿದ ಮೇಲೆ ಕೊಯ್ಯುತ್ತೇನೆ — ಬೆನ್ನ ಕೆಳಗೆ ಗೋಣಿಚೀಲ, ಮೂಗಿನ ಮೇಲೆ ಪಿಕಪ್ಪಿನ ಹೊಟ್ಟೆ, ಗೇರು ತಾನಾಗಿಯೇ ಬದಲಾಗುವ ಗಾಡಿ, ಬೇಕಿತ್ತೇ ಈ ಎಸ್ಟೇಟಿಗೆ, ಧಣಿ ರೇವಂತಣ್ಣನ ಶೋಕಿ, ಯಾರೋ ಓಡಿಸಿ ಬಿಟ್ಟ ಹಳೆಯದನ್ನು ತಂದು ಮೆರೆದರು, ಗೇರ್‌ಬಾಕ್ಸಿನ ಬಿಸಿ ಕೆಂಪೆಣ್ಣೆ ಈ ಎರಡು ಸಣ್ಣ ಪೈಪಿನಲ್ಲಿ ಮುಂದಕ್ಕೆ ಹೋಗಿ ತಣ್ಣಗಾಗಿ ವಾಪಸ್ ಬರಬೇಕು, ಒಂದು ತುಕ್ಕು ಹಿಡಿದು ತೂತಾದರೆ ಸಾಕು, ಎಣ್ಣೆ ಖಾಲಿ, ಎಂಜಿನ್ ಅರಚುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಅವತ್ತು ಇದರ ಡ್ರೈವರ್, ಅಕ್ಕನ ಗಂಡ, ಭಾವ ತುಳಿದೇ ತುಳಿದ, ಅಲ್ಲಾಡಲಿಲ್ಲ. ಮೇಲಿನ ತೋಟದ ಏರು, ಎದುರಿಗೆ ಒಂಟಿ ಸಲಗ, ಹಿಂದೆ ಕೂತಿದ್ದ ಕೊಯ್ಲಿನ ಹೆಂಗಸರು ಧುಮುಕಿ ಗಿಡಗಳೊಳಗೆ ನುಗ್ಗಿ ಉಳಿದರು, ಭಾವ ಕೊನೆಗೆ ಇಳಿದ. ಬಾಳ್ಳುಪೇಟೆಯ ನನ್ನ ಗ್ಯಾರೇಜಿಗೆ ಬಾಗಿಲೂ ಹಾಕದೆ ನಾನು ಓಡಿ ಬಂದಾಗ ಗಾಡಿಯಡಿ ಕೆಂಪು, ಭಾವನ ರಕ್ತ ಎಂದು ಕೈಯಿಟ್ಟೆ, ಎರಡು ಬೆರಳಲ್ಲಿ ಉಜ್ಜಿದೆ, ಜಾರಿತು, ಎಣ್ಣೆ. ಭಾವ ಇನ್ನೂ ಸ್ವಲ್ಪ ಮುಂದೆ ಬಿದ್ದಿದ್ದ. ಅಲ್ಲಿ ಉಜ್ಜಿ ನೋಡುವ ಅಗತ್ಯವಿರಲಿಲ್ಲ.

ಬಿತ್ತು, ಇನ್ನೊಂದು ಹನಿ, ಕಿವಿಗೇ — ಆಯುಧಪೂಜೆಯ ದಿನ ಕಾಫಿ ಚೀಲ ಪೇರಿಸಿಡುವ ಇದೇ ಸ್ಟೋರಿನ ಮುಂದೆ, ಇದೇ ಸಿಮೆಂಟ್ ನೆಲದಲ್ಲಿ, ಬೂದುಗುಂಬಳಕ್ಕೆ ಕುಂಕುಮ ತುಂಬಿ ಗಾಡಿಯ ಮುಂದೆ ಒಡೆದರು, ಕೆಂಪು ನೀರು ಅಡಿಗೆ ಹರಿಯಿತು, ಗಾಡಿ ದಿನವೂ ನಿಲ್ಲುವ ಜಾಗ, ದಿನವೂ ಅಲ್ಲೇ ಹೊಸ ಕೆಂಪು, ಯಾರಿಗೆ ಅನುಮಾನ ಬರಬೇಕು, ಭಾವನಿಗೆ ಬಂತು. ಅಣ್ಣಾ ಗಾಡಿ ಜಗ್ತಿಲ್ಲ, ಅಡೀಲಿ ಕೆಂಪಗೆ ಏನೋ ತೊಟ್ಟಿಕ್ತೈತೆ, ನಮ್ ಮೋಹನಂಗೆ ತೋರುಸ್ಕೊಂಡ್ ಬರ್ಲಾ. ಅದಕ್ಕೆ ರೇವಂತಣ್ಣ, ಏ ಪ್ರದೀಪ, ಅದು ಕುಂಕುಮ ಕಣೋ, ಬಾಮೈದಂಗೆ ಗಿರಾಕಿ ಹಿಡೀತಿದೀಯಾ, ಹೋಗಿ ಮೊದ್ಲು ಹಣ್ ಕೊಯ್ಸು. ಮೆಟ್ಟಿಲ ಮೇಲಿಂದ ರೇವಂತಣ್ಣನ ಹೆಂಡತಿ ಮಾನಸಮ್ಮ, ಪೂಜೆ ಕುಂಕುಮ, ಯಾರೂ ತೊಳೀಬೇಡಿ, ತಾನಾಗೇ ಹೋಗ್ಬೇಕು. ಹೋಯಿತು, ಭಾವನೂ ಹೋದ. ತಿಥಿಯ ದಿನ ಎಲೆಯ ಮುಂದೆ ಕೂತು ಪಾಯಸ ಬಡಿಸಿಕೊಳ್ಳುತ್ತಾ ಇದೇ ರೇವಂತಣ್ಣ, ಡ್ರೈವರ್ ಅಂದ್ಮೇಲೆ ಆಯಿಲ್ ನೋಡ್ಕೋಬೇಡ್ವಾ, ಬೇಜವಾಬ್ದಾರಿ ಮಾರಾಯ — ಬಾಗಿಲ ಹಿಂದೆ ಅಕ್ಕ, ಹಣೆ ಆಗಷ್ಟೇ ಒರೆಸಿದ್ದರು, ಕೇಳಿಸಿಕೊಂಡಳು, ಎಲ್ಲವನ್ನೂ. ಆ ಎಲೆ ಎತ್ತಿ ಮುಖಕ್ಕೆ ಬಡಿಯಬೇಕಿತ್ತು. ಬಡಿಯಲಿಲ್ಲ, ಅಕ್ಕ ಇನ್ನೂ ಇವರು ಆಳುಗಳಿಗೆ ಕೊಟ್ಟ ಲೈನ್ ಮನೆಯಲ್ಲಿದ್ದಾಳೆ. ಈ ರಿಪೇರಿಗೆ ಅವಳೇ ಕಳಿಸಿದಳು. ಹೋಗು ಮೋಹನ, ಚೆನ್ನಾಗ್ ಮಾಡ್ಕೊಡು, ಇನ್ನೊಬ್ಳಿಗೆ ನನ್ ಗತಿ ಬರೋದ್ ಬ್ಯಾಡ.

ಚೆನ್ನಾಗಿಯೇ ಮಾಡಿದೆ ಅಕ್ಕಾ, ತುಕ್ಕು ಹಿಡಿದ ತುಂಡು ಕೊಯ್ದು ಬಿಸಾಕಿದೆ, ಎಣ್ಣೆಯ ಬಿಸಿ ತಡೆದುಕೊಳ್ಳುವ ರಬ್ಬರ್ ಪೈಪು ಹಾಕಿದೆ, ಅತ್ತಲೂ ಇತ್ತಲೂ ಜೋಡಿ ಕ್ಲಿಪ್ಪು, ಇನ್ನು ತಿರುಗದಷ್ಟು ಬಿಗಿದೆ, ಹೊಸ ಎಣ್ಣೆ ತುಂಬಿದೆ, ಇನ್ನು ಎಂಜಿನ್ ಕಾಯಬೇಕು, ಎಣ್ಣೆ ಬಿಸಿಯಾದ ಮೇಲೆ ಮತ್ತೆ ಅಡಿಗೆ ಹೋಗಿ ನೋಡಬೇಕು, ತಣ್ಣಗಿರುವಾಗ ಎಲ್ಲ ಕ್ಲಿಪ್ಪೂ ಸಾಚಾ — ರೇವಂತಣ್ಣನ ಕೂಗು, ಏ ಸಾಕು ಏಳೋ, ರಾಹುಕಾಲ ಬರುತ್ತೆ, ಸಾವು ಕಂಡ ಗಾಡಿ, ದೃಷ್ಟಿ ತೆಗ್ದೇ ಹೊರಡ್ಬೇಕು. ಅಣ್ಣಾ ಒಂದ್ಗಳಿಗೆ, ಬಿಸಿ ಆಗ್ಲಿ, ನೋಡ್ಬುಡ್ತೀನಿ. ಪೂಜೆ ಆದ್ಮೇಲೆ ಯಾರೂ ಅಡಿಗೆ ತೂರಂಗಿಲ್ಲ, ಸರಿ ಆಚೆ. ಮತ್ತೆ ಬೂದುಗುಂಬಳ, ಮತ್ತೆ ಒಡೆದರು, ಮತ್ತೆ ಕೆಂಪು ನೀರು ಅಡಿಗೆ, ಇವರಿಗೆ ಬುದ್ಧಿ ಬರುವುದಿಲ್ಲ. ಹೆಂಗಸರು ಈ ಗಾಡಿ ಹತ್ತುವುದಿಲ್ಲ ಎಂದು ನಡೆದೇ ಹೋದರು, ಹೊಸ ಡ್ರೈವರ್ ಯಾರೂ ಸಿಕ್ಕಿಲ್ಲ, ಚೀಲ ತರಲು ರೇವಂತಣ್ಣ ಒಬ್ಬರೇ ಹೊರಟಿದ್ದಾರೆ, ಅದೇ ಏರಿಗೆ, ಸಲಗ ಇನ್ನೂ ಅಲ್ಲೇ ಇದೆಯೆಂದು ಬೆಳಿಗ್ಗೆ ಫಾರೆಸ್ಟಿನವರ ಮೆಸೇಜು, ಬಂದರೆ ಬರಲಿ ನನ್ ಗಾಡಿ ರೆಡಿ ಐತಲ್ಲ ಎಂದು ನಗು ಬೇರೆ. ಮಾನಸಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ, ಹಣೆಯಲ್ಲಿ ಅಗಲವಾದ ಕುಂಕುಮ, ಎಂಜಿನ್ ಗುಡುಗುಡು, ಕಾಯುತ್ತಿದೆ, ಆಗ — ಬಿತ್ತು. ಬಂಪರಿನ ಹಿಂದಿನಿಂದ, ಕೆಂಪು. ಒಡೆದಾಗ ಸಿಡಿದ ನೀರೇ ಇರಬಹುದು, ಎರಡನೇ ಕ್ಲಿಪ್ಪೇ ಇರಬಹುದು, ಬಗ್ಗಿ ಎರಡು ಬೆರಳಲ್ಲಿ ಉಜ್ಜಿದರೆ ಗೊತ್ತಾಗುತ್ತದೆ, ಜಾರಿದರೆ ಎಣ್ಣೆ, ಜಾರದಿದ್ದರೆ ಕುಂಕುಮ, ಇನ್ನೊಬ್ಳಿಗೆ ನನ್ ಗತಿ, ಅಕ್ಕಾ ಸುಮ್ಮನಿರು — ಕಿಟಕಿಯಿಂದ ರೇವಂತಣ್ಣ, ಏನೋ ಮೋಹನ ಹಂಗ್ ನೋಡ್ತಿದೀಯಾ, ಸೋರ್ತೈತೇನೋ.

ಕುಂಕುಮ ಕಣಣ್ಣಾ.

ನಕ್ಕರು, ನಿಂಬೆಹಣ್ಣು ಚಕ್ರದಡಿ ಪಚಕ್ಕೆಂದಿತು, ಗಾಡಿ ಹೋಯಿತು, ಬೆರಳು ಜೇಬಿನಲ್ಲೇ ಇದೆ, ಕೂಗಿದರೆ ಇನ್ನೂ ಕೇಳಿಸುತ್ತದೆ, ಕುಂಬಳ ಒಡೆದ ಜಾಗದಿಂದ ಅಷ್ಟು ದೂರ, ಅಂಗಳ ದಾಟಿ, ಗೇಟಿನ ಹತ್ತಿರ, ಒಣ ನೆಲದ ಮೇಲೆ, ಕೆಂಪು ಹನಿ, ಅದರಾಚೆ ಇನ್ನೊಂದು ಕೆಂಪು ಹನಿ, ಕೆಂಪು ಹನಿ —