ಉಳಿದ ತಲೆಕಟ್ಟು

ಇಂದುಮತಿ ಬೆಳಿಗ್ಗೆ ಸಾಲಾಗಿ ಜೋಡಿಸಿಟ್ಟಿದ್ದ ನಲವತ್ತೊಂಬತ್ತು ಖಾರ ಬಿಸ್ಕತ್ತುಗಳಲ್ಲಿ ಈಗ ತಟ್ಟೆಯಲ್ಲಿದ್ದುದು ಒಂದೇ, ‘ಕ’. ತೀರ್ಪುಗಾರರು ಇನ್ನೂ ಬಂದಿರಲಿಲ್ಲ. ಅದು ಗೊತ್ತಾದದ್ದೂ ಸಭಾಂಗಣದ ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಗಂಡ ರಘುನಾಥ ಓದಿಕೊಂಡು ಬಂದ ಮೇಲೆ.

“ಎರಡು ಗಂಟೆಗಂತೆ ಕಣೇ ಜಡ್ಜಿಂಗ್. ಎಲ್ಲಿ ನಿನ್ನ ವರ್ಣಮಾಲೆ?”

“ಕೊಟ್ಬಿಟ್ಟೆ ರೀ, ಬಂದೋರಿಗೆಲ್ಲ. ಬೆಳಿಗ್ಗೆ ಬ್ಯಾಡ್ಜ್ ಹಾಕ್ಕೊಂಡು ಒಬ್ರು ಬಂದು ಬರ್ಕೊಂಡು ಹೋದ್ರಲ್ಲ, ಅದೇ ಜಡ್ಜಿಂಗ್ ಅಂದ್ಕೊಂಡೆ.”

“ಅವರು ಟೇಬಲ್ ನಂಬರ್ ಬರ್ಕೊಂಡಿದ್ದು, ಮಹರಾಯ್ತಿ!”

ಸೋಲ್ನಾ ಎಂಬ ಊರಿನ ಒಂದು ವಿನ್ಯಾಸ ಸಂಸ್ಥೆ ನಡೆಸುತ್ತಿದ್ದ ಈ ಸ್ಪರ್ಧೆಗೆ ಅಕ್ಷರಗಳನ್ನು ಬೇಕ್ ಮಾಡಿ ತರಬೇಕಿತ್ತು. ಗೆದ್ದವರಿಗೆ ಅಲ್ಲೇ ಆರು ತಿಂಗಳ ಕೆಲಸ. ಬೆಂಗಳೂರಿನಲ್ಲಿ ಅಕ್ಷರ ವಿನ್ಯಾಸ ಮಾಡುತ್ತಿದ್ದ ಇಂದುಮತಿ, ಗಂಡನ ಕೆಲಸಕ್ಕಾಗಿ ಈ ಪರದೇಶದ ವೆಸ್ಟೆರಾಸ್ ಊರಿಗೆ ಬಂದು ಮೂರು ವರ್ಷವಾಗಿತ್ತು. ಹಾಕಿದ ಅರ್ಜಿಗಳಿಗೆಲ್ಲ ನಯವಾದ ‘ಇಲ್ಲ’ ಬಂದಿತ್ತು. ಒಂದು ವಾರ ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಹಿಟ್ಟು ಕಲಸಿ, ಓವನ್ನಿನೊಳಗೆ ಹರಡಿಕೊಂಡು ತಲೆಕಟ್ಟು ಕಳೆದುಕೊಳ್ಳುವ ಅಕ್ಷರಗಳೊಂದಿಗೆ ಗುದ್ದಾಡಿದ್ದಳು. ಕತ್ತರಿಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿದರೆ ತಲೆಕಟ್ಟು ನಿಲ್ಲುತ್ತದೆಂದು ಕೊನೆಗೆ ಕಂಡುಕೊಂಡಿದ್ದಳು.

ಆದರೆ ಜನ ಬಂದು ತಿಂಡಿಯ ಎದುರು ಕೈಕಟ್ಟಿ ನಿಂತರೆ ಸುಮ್ಮನಿರುವುದು ಹೇಗೆ? ಒಬ್ಬ ಅಜ್ಜನಿಗೆ ‘ತಗೊಳ್ಳಿ’ ಎಂದಳು. ಅಜ್ಜ ಎರಡು ಸಲ ಕೇಳಿ ಖಚಿತಪಡಿಸಿಕೊಂಡು ‘ಅ’ ತಿಂದ. ಆಮೇಲೆ ಸಾಲೇ ನಿಂತಿತು. ಈ ‘ಕ’ವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಒತ್ತಾಯ ಮಾಡಿದರೆ ಹಿಂದೆ ಸರಿದರು. ಖಾರ ಹೆಚ್ಚಾಯಿತೇ? ತಾನೇನಾದರೂ ತಪ್ಪು ಹೇಳಿದೆನೇ?

“ಇಲ್ಲಿಯವ್ರು ಕೊನೇ ಪೀಸ್ ಮುಟ್ಟಲ್ಲ ಕಣೇ,” ಎಂದ ರಘುನಾಥ. “ನಮ್ಮ ಆಫೀಸ್ ಫೀಕಾದಲ್ಲಿ, ಅದೇ ಕಾಫಿ ಬ್ರೇಕಲ್ಲಿ, ದಿನಾ ನೋಡ್ತೀನಿ. ಅರ್ಧ ಮಾಡ್ತಾರೆ, ಅರ್ಧದಲ್ಲಿ ಅರ್ಧ ಮಾಡ್ತಾರೆ, ಪುಡಿ ಆಗೋವರೆಗೂ.”

ಅವನು ಹೇಳುತ್ತಿದ್ದಂತೆ ಹುಡುಗಿಯೊಬ್ಬಳು ಚಾಕುವಿನಿಂದ ‘ಕ’ವನ್ನು ಅರ್ಧ ಮಾಡಿ ಒಂದು ಭಾಗ ತೆಗೆದುಕೊಂಡಳು. ಉಳಿದುದರಲ್ಲಿ ಅರ್ಧ ಅವಳ ಗೆಳತಿಗೆ.

“ತಟ್ಟೆ ಎತ್ಕೋ!” ಎಂದು ರಘುನಾಥ ಪಿಸುಗುಟ್ಟಿದ.

“ತಿನ್ನೋರ ಮುಂದಿಂದಾನಾ? ಛೆ, ಹೇಗ್ರೀ?”

ಎರಡು ಗಂಟೆಗೆ ತೀರ್ಪುಗಾರ್ತಿ ಗುನಿಲ್ಲಾ ಬಂದಾಗ ತಟ್ಟೆಯಲ್ಲಿದ್ದುದು ತಲೆಕಟ್ಟು ಮಾತ್ರ.

“ಇದು ಯಾವ ಅಕ್ಷರ?”

“ಅಕ್ಷರವಲ್ಲ. ಅಕ್ಷರದ ತಲೆಯ ಮೇಲೆ ಕೂರುವ ಗೀರು.”

“ಉಳಿದದ್ದು?”

ಇಂದುಮತಿ ಸಭಾಂಗಣದತ್ತ ಕೈ ತೋರಿಸಿದಳು. ಅಜ್ಜ ಇನ್ನೂ ನೀರು ಕುಡಿಯುತ್ತಿದ್ದ. ಉಳಿದ ಮೇಜುಗಳ ಬ್ರೆಡ್ಡು, ಕೇಕುಗಳು ಇಟ್ಟಲ್ಲೇ ಇದ್ದವು. ಗುನಿಲ್ಲಾ ನಗಲಿಲ್ಲ. ಬಹಳ ಹೊತ್ತು ಏನೋ ಬರೆದುಕೊಂಡಳು.

“ಕಾಣದ್ದಕ್ಕೆ ಅಂಕ ಕೊಡಲಾರೆ,” ಎಂದಳು. “ಸೋಮವಾರ ಒಂಬತ್ತಕ್ಕೆ ಆಫೀಸಿಗೆ ಬನ್ನಿ. ಇವನ್ನೂ ಮತ್ತೆ ಮಾಡಿ ತನ್ನಿ.”

ಬಹುಮಾನ ಬೇರೆ ಯಾರಿಗೋ ಹೋಯಿತು. ವಾಪಸು ರೈಲಿನಲ್ಲಿ ರಘುನಾಥ ಕೇಳಿದ, “ಕರೆದದ್ದು ಕೆಲಸಕ್ಕೋ, ಬಿಸ್ಕತ್ತಿಗೋ?”

“ಗೊತ್ತಾಗ್ಲಿಲ್ಲ ರೀ.”

“ಕೇಳ್ಬೇಕಿತ್ತು.”

“ಏನಂತ ಕೇಳೋದು?”

ಭಾನುವಾರ ಅವಳು ಎರಡು ಡಬ್ಬಿ ತುಂಬಿದಳು, ಒಂದು ತಿನ್ನಲು, ಒಂದು ನೋಡಲು. ನಡುವೆ ತಾನು ಬರೆದ ಅಕ್ಷರಗಳ ಫೈಲು ಇಟ್ಟಳು. ಮೊದಲು ಯಾವುದನ್ನು ತೆರೆಯಬೇಕೆಂಬುದು ಮಾತ್ರ, ಸೋಮವಾರ ಸೋಲ್ನಾ ತಲುಪಿದರೂ ತೀರ್ಮಾನವಾಗಲಿಲ್ಲ.